ಒಂಬತ್ತರಿಂದ ಮೂವತ್ತೊಂದರವರೆಗೆ

"ಒಂಬತ್ತನೇ ಅಧ್ಯಾಯದಲ್ಲೇ ಅವಳಿಗೆ ಗೊತ್ತಾಗಿಬಿಡುತ್ತಲ್ಲ ಮೇಡಂ, ಮತ್ತೆ ಮೂವತ್ತೊಂದರವರೆಗೂ ಆ ಮನೇಲಿ ಏನ್ ಮಾಡ್ತಾ ಕೂತಿದ್ಲು?"

ಫೋನು ಸಕ್ಕರೆ ಡಬ್ಬಕ್ಕೆ ಒರಗಿಕೊಂಡು ಮಾತಾಡುತ್ತಿತ್ತು. ಕಾದಂಬರಿಕಾರ್ತಿಯ ಎರಡೂ ಕೈ ಬೆಣ್ಣೆ ಮೆತ್ತಿದ ಹಿಟ್ಟಿನಲ್ಲಿದ್ದವು. ಸಂಪಾದಕಿಗೆ ಇವಳ ಮಗಳಿಗಿಂತ ಹತ್ತೇ ವರ್ಷ ಹೆಚ್ಚಿರಬಹುದು. ಪ್ರಶ್ನೆ ಮಾತ್ರ ಪೊಲೀಸರದ್ದು.

"ಪ್ರೀತಿ..." ಎಂದಳು.

"ಪ್ರೀತಿ ಬೇಡ ಮೇಡಂ. ಕಳೆದ ಮೂರು ಪುಸ್ತಕದಲ್ಲೂ ಅದನ್ನೇ ಹಾಕಿದೀರಿ."

"ಭಯ?"

"ಭಯ ಇದ್ರೆ ಇನ್ನೂ ಬೇಗ ಹೋಗ್ಬೇಕಲ್ವಾ? ಒಂದೇ ಒಂದು ಪ್ಯಾರಾ ಕೊಡಿ. ಐದು ಗಂಟೆಗೆ ಫೋನ್ ಮಾಡ್ತೀನಿ. ಇವತ್ತು ತಪ್ಪಿದ್ರೆ ಈ ವರ್ಷದ ಪ್ರಕಟಣೆ ಪಟ್ಟಿಯಿಂದ ನಿಮ್ಮ ಪುಸ್ತಕ ತೆಗೆದುಬಿಡ್ತಾರಂತೆ. ಅದ್ಸರಿ, ಏನೋ ಕಲಸ್ತಿರೋ ಹಾಗಿದೆ?"

"ಕೇಕು."

"ಅಯ್ಯೋ, ಪುಣ್ಯ ಮಾಡಿದಾರೆ ನಿಮ್ಮನೆಯವರು."

ಸೇಬಿನ ಕಾಲಕ್ಕೆ ಸೇಬಿನ ಕೇಕು, ಪ್ಲಮ್ ಕಾಲಕ್ಕೆ ಪ್ಲಮ್, ಏನೂ ಬಾರದ ತಿಂಗಳಲ್ಲಿ ಒಣದ್ರಾಕ್ಷಿ. ಹದಿನೇಳು ವರ್ಷ, ಹನ್ನೊಂದು ಪತ್ತೇದಾರಿ ಕಾದಂಬರಿ, ಇದು ಹನ್ನೆರಡನೆಯದು. ಎಲ್ಲವನ್ನೂ ಊಟದ ಮೇಜಿನ ಮೇಲೆ, ಮಗಳ ಹೋಮ್‌ವರ್ಕು ಮತ್ತು ಓವನ್ನಿನ ಗಂಟೆಯ ನಡುವೆ ಬರೆದದ್ದು. ಯಾವ ಕೊಲೆ ಯಾವ ಹಣ್ಣಿನ ಕಾಲದಲ್ಲಿ ಮುಗಿಯಿತು ಎಂದು ಕೇಳಿದರೆ ಥಟ್ಟನೆ ಹೇಳಬಲ್ಲಳು. ತನ್ನ ಮದುವೆ ಯಾವ ಹಣ್ಣಿನ ಕಾಲದಲ್ಲಾಯಿತು ಎಂದರೆ ತಡವರಿಸಬೇಕು.

ಕಾದಂಬರಿಯ ಗಂಡ, ತನ್ನ ಮೊದಲ ಹೆಂಡತಿ ಜ್ವರ ಬಂದು ಸತ್ತಳು ಎಂದಿದ್ದ. ಮಹಡಿ ಮೆಟ್ಟಿಲಿನಿಂದ ಬಿದ್ದು ಸತ್ತದ್ದು ಎಂದು ನಾಯಕಿಗೆ ಒಂಬತ್ತನೇ ಅಧ್ಯಾಯದಲ್ಲಿ ಒಂದು ಹಳೆಯ ಪತ್ರದಿಂದ ಗೊತ್ತಾಗುತ್ತದೆ. ನಾಯಕಿ ಪತ್ರವನ್ನು ಇದ್ದ ಹಾಗೇ ಮಡಚಿಟ್ಟು ಅವನಿಗೆ ಕಾಫಿ ಕೊಡುತ್ತಾಳೆ. ಆಮೇಲೆ ಇಪ್ಪತ್ತೆರಡು ಅಧ್ಯಾಯ ಕಾಫಿ ಕೊಡುತ್ತಲೇ ಇರುತ್ತಾಳೆ.

ಬಿಟ್ಟು ಹೋಗಲು ಏನು ಅಡ್ಡಿ? ಎರಡನೇ ಅಧ್ಯಾಯದಲ್ಲಿ ತಾನೇ ನಾಯಕಿಗೊಂದು ನೌಕರಿ ಕೊಟ್ಟಿದ್ದಳು. ಖಾಲಿ ಕೋಣೆಯಿರುವ ಅಕ್ಕನನ್ನು ಕೊಟ್ಟಿದ್ದಳು. ಕಾರು ಓಡಿಸುವುದನ್ನೂ ಕಲಿಸಿದ್ದಳು. ಮಕ್ಕಳು ಮರಿ ಅಂತಲೂ ಇರಲಿಲ್ಲ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಪುಣ್ಯಾತ್ಗಿತ್ತಿ ಕಾಲು ಕೀಳಲಿಲ್ಲ. ಬರೆಯುವಾಗ ಅದು ವಿಚಿತ್ರ ಅನ್ನಿಸಿಯೇ ಇರಲಿಲ್ಲ. ಈಗ ದಿಗಿಲು ಹುಟ್ಟಿಸಿದ್ದು ಅದೇ.

ಲ್ಯಾಪ್‌ಟಾಪಿನಲ್ಲಿ ಹೊಡೆದಳು: 'ಅವಳು ಹೋಗಲಿಲ್ಲ, ಯಾಕೆಂದರೆ'. ಮುಂದೆ ಗೆರೆಯೊಂದು ಮಿಣಮಿಣ ಎನ್ನುತ್ತಿತ್ತು. ಎದ್ದು ಹೋಗಿ ಸೇಬಿನ ಸಿಪ್ಪೆ ಹೆರೆಯತೊಡಗಿದಳು.

ಮಗಳು ನೀರು ಕುಡಿಯಲು ಬಂದಳು.

"ನೀನಾಗಿದ್ರೆ ಏನೇ ಮಾಡ್ತಿದ್ದೆ? ಗಂಡ ಹೇಳಿದ್ದು ಸುಳ್ಳು ಅಂತ ಗೊತ್ತಾದ ಮೇಲೆ?"

"ಹತ್ತನೇ ಅಧ್ಯಾಯದಲ್ಲಿ ಬಸ್ ಹತ್ತಿರ್ತಿದ್ದೆ."

"ಆಮೇಲೆ ಕಥೆ?"

"ಅದು ನಿನ್ ತಾಪತ್ರಯ ಅಮ್ಮ." ಒಂದು ಹೋಳು ಬಾಯಿಗೆ ಹಾಕಿಕೊಂಡಳು. "ನೀನಾಗಿದ್ರೆ?"

"ಎಲ್ಲಾ ಹೋಳು ನೀನೇ ತಿಂದ್ರೆ ಕೇಕಿಗೆ ನನ್ ತಲೆ ಹಾಕ್ಲಾ? ನಡಿ ಆಚೆ."

ಅವಳ ಗಂಡ ಲಿಫ್ಟ್ ತಪಾಸಣೆಯವನು. ಅವತ್ತು ರಜೆ. ಹಾಲಿನಲ್ಲಿ ನೆಲದ ಮೇಲೆ ಕೂತು ಮಗಳ ಟೇಬಲ್ ಲ್ಯಾಂಪ್ ಬಿಚ್ಚಿ ಹರವಿಕೊಂಡಿದ್ದ. ಸೇಬಿನ ಬಟ್ಟಲು ಕಂಕುಳಲ್ಲಿಟ್ಟುಕೊಂಡೇ ಅವನೆದುರು ನಿಂತಳು.

"ರೀ, ಒಬ್ಳಿಗೆ ಗಂಡ ಸುಳ್ಳು ಹೇಳಿದಾನೆ ಅಂತ ಗೊತ್ತು. ಆದ್ರೂ ಬಿಟ್ಟು ಹೋಗಲ್ಲ. ಯಾಕಿರಬಹುದು?"

"ಯಾರು?"

"ಕಾದಂಬರಿಯವಳು."

"ಒಲೆ ಮೇಲೆ ಏನಾದ್ರೂ ಇಟ್ಟಿರ್ತಾಳೆ."

ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲವೆಂದು ಗೊತ್ತಾಗಿ ಸ್ಕ್ರೂ ಹುಡುಕತೊಡಗಿದ.

"ನಿಜ ಹೇಳಿ."

"ನನ್ನನ್ಯಾಕೆ ಕೇಳ್ತೀಯ ಮಾರಾಯ್ತಿ? ಜನ ಲಿಫ್ಟಲ್ಲಿ ಮೇಲೆ ಹೋಗ್ತಾರೆ, ಕೆಳಗೆ ಬರ್ತಾರೆ. ಯಾಕೆ ಅಂತ ನಾನ್ಯಾವತ್ತೂ ಕೇಳಿಲ್ಲ. ಕಾಲ ಹತ್ರ ಸ್ಕ್ರೂ ಇದೆ, ನೋಡ್ಕೊಂಡು."

ಅವನ ಬಗ್ಗಿದ ಕತ್ತನ್ನು ನೋಡಿದಳು. ಹನ್ನೆರಡು ಕಾದಂಬರಿಗಳ ಗಂಡಸರ ಮೇಲೆ ಅನುಮಾನಪಟ್ಟ ಕಣ್ಣು ಇವನ ಮೇಲೆ ಒಂದು ಸಲವಾದರೂ ಅನುಮಾನಪಡಲು ಹೆಣಗಿತು. ಇವನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳುವಷ್ಟು ಮಾತೇ ಆಡಿರಲಿಲ್ಲ. ಅವನ ಮೇಲೆ ಸಿಟ್ಟು ಬರಬೇಕಿತ್ತೇ, ಮರುಕ ಬರಬೇಕಿತ್ತೇ ತಿಳಿಯದೆ, ಸ್ಕ್ರೂ ಎತ್ತಿ ಅವನ ಅಂಗೈಗಿಟ್ಟು ಅಡುಗೆಮನೆಗೆ ಬಂದಳು.

ನಾಲ್ಕೂ ಐವತ್ತೈದಕ್ಕೆ ಓವನ್ ಗಂಟೆ ಹೊಡೆಯಿತು. 'ಯಾಕೆಂದರೆ' ಇದ್ದಲ್ಲೇ ಇತ್ತು. ದಪ್ಪ ಬಟ್ಟೆಯ ಕೈಗವಸು ಹಾಕಿ ಕೇಕಿನ ಟಿನ್ನು ಹೊರಗೆಳೆದಳು.

ಬರೆಯಲು ಆಗದ್ದನ್ನು ಅವಳು ಮೊದಲು ಮೈಯಿಂದ ಮಾಡಿ ನೋಡುತ್ತಿದ್ದಳು. ಬೀರುವಿನೊಳಗೆ ಅಡಗಿ ಉಸಿರು ಎಣಿಸಿದ್ದಳು. ಕಣ್ಣು ಕಟ್ಟಿಕೊಂಡು ಮೆಟ್ಟಿಲು ಇಳಿದಿದ್ದಳು. ಅಮ್ಮ 'ಸೀನ್' ಮಾಡುವಾಗ ಯಾರೂ ಮಾತಾಡಿಸಕೂಡದು, ಅದು ಮನೆಯ ಕಟ್ಟುನಿಟ್ಟಿನ ನಿಯಮ. ಹಾಗಾದರೆ ಈಗಲೂ ಮಾಡಿಯೇ ನೋಡೋಣ. ಪತ್ರ ಓದಿಯಾಗಿದೆ. ಗಂಡ ಹಾಲಿನಲ್ಲಿದ್ದಾನೆ. ಎದ್ದು ಹೋಗುವವಳಿಗೆ ಎಲ್ಲಿ ಕಾಲು ತಡೆಯುತ್ತದೆ?

ಟಿನ್ನು ಕೈಯಲ್ಲಿದ್ದ ಹಾಗೇ ನಡೆದಳು. ಹಾಲು ದಾಟಿದಳು. ಗಂಡ ಕಾಲು ಮಡಚಿ ದಾರಿ ಬಿಟ್ಟ, ತಲೆಯೆತ್ತಲಿಲ್ಲ. ಬಾಗಿಲ ಹಿಡಿಯನ್ನು ಮೊಣಕೈಯಿಂದ ಒತ್ತಿದಳು. ಹೊರಗೆ ಮೂರು ಮೆಟ್ಟಿಲು, ಗೇಟು, ಬೀದಿ. ಎಲ್ಲಿಯೂ ಏನೂ ತಡೆಯಲಿಲ್ಲ. ಇಷ್ಟು ಸಲೀಸಾಗಿತ್ತೇ? ಮೂಲೆಯ ಲೈಟು ಕಂಬದವರೆಗೂ ಹೋದಳು. ಸೈಕಲ್ಲಿನವನೊಬ್ಬ ವಾಸನೆಗೆ ತಿರುಗಿ ನೋಡಿ ಹೋದ. ಮುಂದೆ ಎಲ್ಲಿಗೆ ಎಂದು ಕೇಳಿಕೊಂಡಳು. ನಾಯಕಿಗೆ ಅಕ್ಕನಿದ್ದಳು.

ತಿರುಗಿ ಬರುವಷ್ಟರಲ್ಲಿ ಬಾಗಿಲು ತಾನಾಗಿ ಮುಚ್ಚಿ ಲಾಕ್ ಆಗಿತ್ತು. ಮೊಣಕೈಯಿಂದ ಬೆಲ್ ಒತ್ತಿದಳು.

ಕಿಟಕಿಯಲ್ಲಿ ಮಗಳ ಮುಖ ಕಾಣಿಸಿತು. ಟಿನ್ನು ಹಿಡಿದಿದ್ದವಳು ಬಾಗಿಲ ಕಡೆ ಗದ್ದದಿಂದ ಸನ್ನೆ ಮಾಡಿದಳು. ಮಗಳು ಅರ್ಥವಾಯಿತೆಂಬಂತೆ ಹೆಬ್ಬೆರಳೆತ್ತಿ, ಅಮ್ಮನಿಗೆ ತೊಂದರೆಯಾಗದಿರಲೆಂದು ಮೆಲ್ಲಗೆ ಪರದೆ ಎಳೆದಳು.

"ಯಾರೇ ಅದು?" ಒಳಗಿನಿಂದ ಗಂಡನ ದನಿ.

"ಅಮ್ಮ. ಸೀನ್ ಮಾಡ್ತಿದಾಳೆ. ಬಾಗಿಲು ತೆಗೀಬೇಡಿ ಅಪ್ಪ, ಕೆಟ್ಟೋಗುತ್ತೆ."

"ಹೌದಾ? ಮಾಡ್ಕೊಳ್ಳಲಿ."

ಅಡುಗೆಮನೆಯಲ್ಲಿ ಫೋನು ಹೊಡೆಯತೊಡಗಿತು. ಐದಾಗಿರಬೇಕು. ಕೂಗಲು ಬಾಯಿ ತೆರೆದಳು. ಯಾರನ್ನು, ಏನೆಂದು ಕೂಗುವುದು? ಫೋನು ನಿಂತಿತು. ಮತ್ತೆ ಹೊಡೆಯಿತು.

ಟಿನ್ನಿನ ಬಿಸಿ ಗವಸಿನ ಮೊದಲ ಪದರ ದಾಟಿತ್ತು. ಎರಡನೆಯದನ್ನೂ ದಾಟಿತು. ಕಾಲ ಬಳಿಯೇ ಮೆಟ್ಟಿಲ ಕಲ್ಲು ಖಾಲಿಯಾಗಿ, ಗುಡಿಸಿ ಚೊಕ್ಕವಾಗಿ, ಒಂದು ಟಿನ್ನು ಇಡುವಷ್ಟಲ್ಲ, ನಾಲ್ಕು ಇಡುವಷ್ಟು ಅಗಲವಾಗಿತ್ತು. ಅದನ್ನೇ ನೋಡುತ್ತ ನಿಂತಳು. ಗವಸಿನೊಳಗೆ ಮೊದಲು ಕಿರುಬೆರಳು ಸಡಿಲಿಸಿದಳು. ಅದು ತಣ್ಣಗಾದ ಮೇಲೆ ಅದನ್ನು ಒತ್ತಿ, ಪಕ್ಕದ್ದನ್ನು ಸಡಿಲಿಸಿದಳು. ಆಮೇಲೆ ಅದರ ಪಕ್ಕದ್ದನ್ನು. ಹೀಗೆ ಸರದಿಯ ಮೇಲೆ ಸುಡಿಸಿಕೊಂಡರೆ ಎಷ್ಟು ಹೊತ್ತು ಬೇಕಾದರೂ ಹಿಡಿದು ನಿಲ್ಲಬಹುದು ಎಂದು ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.