ಎಲ್ಲಿಂದ ಗೊತ್ತಿಲ್ಲ?

ಮೋಟುಗೆ ಸಂಜೆ ನಾಲ್ಕರಿಂದ ಏಳರವರೆಗೆ ಇರಲು ಜಾಗ ಇರಲಿಲ್ಲ.

ಮನೆ ಇತ್ತು. ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಆ ಹೊತ್ತಿನಲ್ಲಿ ಅಲ್ಲಿ ಅಪ್ಪ ಮಲಗಿರುತ್ತಿದ್ದ. ಅವನದು ಗೋದಾಮು ಕಾಯುವ ಕೆಲಸ, ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಹಗಲು ನಿದ್ದೆ ಕೆಟ್ಟರೆ ರಾತ್ರಿ ತೂಕಡಿಸುತ್ತಾನೆ, ತೂಕಡಿಸಿದರೆ ಕೆಲಸ ಹೋಗುತ್ತದೆ. ಆದ್ದರಿಂದ ದೀಪ ಹಾಕುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು, ಬರುವುದು ಏಳಕ್ಕೆ. ಕೂದಲು ಒಣಗಿಸುವ ತಾಪತ್ರಯ ಬೇಡವೆಂದು ಮಗಳ ಜಡೆಯನ್ನು ಕಿವಿಯವರೆಗೆ ಕತ್ತರಿಸಿದ್ದಳು. ಮೋಟು ಎಂಬ ಹೆಸರು ಬಿದ್ದದ್ದು ಹಾಗೆ.

ಹನ್ನೊಂದು ವರ್ಷದ ಹುಡುಗಿ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಮೆಟ್ಟಿಲ ದೀಪ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ತಾನಾಗಿ ಆರುತ್ತಿತ್ತು. ಎದ್ದು ಒತ್ತಬೇಕು, ಕೂರಬೇಕು, ಮತ್ತೆ ಏಳಬೇಕು. ಎರಡನೇ ಮಹಡಿಯ ಅಜ್ಜಿ ಹತ್ತುವಾಗಲೆಲ್ಲ ಕೇಳುತ್ತಿದ್ದಳು, "ದಾರಿಗಡ್ಡ ಕೂತಿದೀಯಲ್ಲೇ, ಮನೆ ಇಲ್ವಾ ನಿಂಗೆ?"

"ಇದೆ ಅಜ್ಜಿ. ಅಪ್ಪ ಮಲಗಿದಾನೆ."

"ನಿಮ್ಮಪ್ಪ ಎದ್ದಿದ್ದನ್ನ ನಾನಂತೂ ನೋಡಿಲ್ಲ."

ಬೇಕರಿಯ ಹಿಂದಿನ ಕೋಣೆ ಸಿಕ್ಕಿದ್ದು ಆಮೇಲೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿ ಓದಿಸಲು ಒಂದು ಸಂಸ್ಥೆ ಅದನ್ನು ಬಾಡಿಗೆಗೆ ಹಿಡಿದಿತ್ತು. ಒಲೆಯ ಗೋಡೆ ಈ ಕಡೆಗೂ ಬಿಸಿಯಾಗಿರುತ್ತಿತ್ತು, ಚಳಿಗಾಲದಲ್ಲಿ ಆ ಗೋಡೆಗೆ ಒರಗಲು ಜಗಳ. ಬ್ರೆಡ್ಡಿನ ವಾಸನೆ ಬಂದಾಗ ಯಾರಿಗೂ ಭಾಗಾಕಾರ ತಲೆಗೆ ಹತ್ತುತ್ತಿರಲಿಲ್ಲ. ನೋಡಿಕೊಳ್ಳುವವಳು ಹಿಂದೆ ಯಾವುದೋ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದು ಬಿಟ್ಟುಬಂದವಳು. ಮಕ್ಕಳು ಅವಳನ್ನು ಅಕ್ಕ ಎನ್ನುತ್ತಿದ್ದರು.

ಅಕ್ಕನ ಕೋಣೆಯಲ್ಲಿ ತಪ್ಪು ಒಂದೇ, ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು. ಹಾಗೆ ಅಂದು ಸಿಕ್ಕಿಬಿದ್ದವರು ನೆಲ ಗುಡಿಸಬೇಕು. ಗೊತ್ತಿಲ್ಲ ಎಂದರೆ ಶಿಕ್ಷೆ ಇಲ್ಲ, ಆದರೆ ಅಷ್ಟೇ ಹೇಳಿ ಕೂರುವಂತೆಯೂ ಇಲ್ಲ. "ಎಲ್ಲಿಂದ ಗೊತ್ತಿಲ್ಲ?" ಎಂದು ಅಕ್ಕ ಕೇಳುತ್ತಿದ್ದಳು. ಲೆಕ್ಕದ ಎಷ್ಟನೇ ಸಾಲಿನಿಂದ, ಪಾಠದ ಯಾವ ಪದದಿಂದ. ಬೆರಳಿಟ್ಟು ತೋರಿಸಿದರೆ, ಅಲ್ಲಿಂದ ಮುಂದೆ ಗೊತ್ತಿದ್ದ ಇನ್ನೊಂದು ಮಗು ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಮೊದಮೊದಲು ಎಲ್ಲರೂ ನೆಲ ಗುಡಿಸಿದರು. ಮೋಟು ಎಲ್ಲರಿಗಿಂತ ಹೆಚ್ಚು. "ನಿನ್ನಿಂದಾಗಿ ನಮ್ಮ ಕೋಣೆ ಆಸ್ಪತ್ರೆ ಥರ ಕ್ಲೀನಾಗಿದೆ ಕಣೇ," ಎಂದು ಡುಮ್ಮ ನಗುತ್ತಿದ್ದ. ಅವನು ಅವಳ ತರಗತಿಯವನೇ, ಪಂಕ್ಚರ್ ಅಂಗಡಿಯವನ ಮಗ. ಆಮೇಲೆ ಬೆರಳಿಡುವುದು ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ, ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ಬೋರ್ಡ್ ತುಂಬ ಬರೆದು "ಅರ್ಥ ಆಯ್ತಾ?" ಎಂದಾಗ ಮೋಟು ಎದ್ದು ನಿಂತು, "ಮೂರನೇ ಸಾಲಿಂದ ಆಗಿಲ್ಲ ಸಾರ್," ಎಂದಳು. ಮೇಷ್ಟ್ರು ಮೂರನೇ ಸಾಲು ನೋಡಿದರು. ತಪ್ಪು ಅವರದೇ ಆಗಿತ್ತು. ಅಳಿಸಿ ತಿದ್ದಿ, "ಅಧಿಕಪ್ರಸಂಗ ಜಾಸ್ತಿಯಾಯ್ತು ನಿಂದು," ಎಂದು ಕೂರಿಸಿದರು. ವರ್ಷದ ಹಿಂದೆ ಇದೇ ಹುಡುಗಿ ಹಾಜರಿ ಹೇಳುವುದು ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆದವಳಲ್ಲ.

ಸಂಸ್ಥೆಯ ಅಧಿಕಾರಿ ಪರೀಕ್ಷಿಸಲು ಬರುತ್ತಾರೆಂದು ಗೊತ್ತಾದದ್ದು ಹಿಂದಿನ ದಿನ. ಬೇಕರಿ ಯಜಮಾನ ಬಾಗಿಲಲ್ಲಿ ನಿಂತು ಕೈಯ ಹಿಟ್ಟು ಕೊಡವಿಕೊಳ್ಳುತ್ತ ಅಕ್ಕನಿಗೆ ಹೇಳಿದ, "ನಾಲ್ಕು ಉತ್ತರ ಬಾಯಿಪಾಠ ಮಾಡ್ಸಮ್ಮ. ನಿನ್ನ ಗಂಟೇನು ಹೋಗುತ್ತೆ? ಮಕ್ಕಳು ಸರಿಯಿಲ್ಲ ಅಂತ ಅವ್ರು ನಿಲ್ಲಿಸಿಬಿಟ್ರೆ ನಾನು ಇಲ್ಲಿ ಹಿಟ್ಟಿನ ಮೂಟೆ ಇಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

"ಅವರಿಗೆ ಬಂದಷ್ಟು ಹೇಳ್ತಾರೆ ಬಿಡಿ," ಎಂದಳು ಅಕ್ಕ.

ಮೋಟು ಇದನ್ನು ಕೇಳಿಸಿಕೊಂಡಳು. ಆ ಸಂಜೆ ಡುಮ್ಮನಿಗೂ ಹೇಳಿದಳು. ಡುಮ್ಮ, "ಬರೋರು ದೊಡ್ಡೋರು. ಅವ್ರ ಹತ್ರ ಸುಳ್ಳು ಹೇಳಿದ್ರೆ ಅಕ್ಕನ ಮರ್ಯಾದೆ ಏನಾಗುತ್ತೆ?" ಎಂದ. ಬೇರೆ ಮಕ್ಕಳೂ ಹೌದೆಂದರು.

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಬೂಟು ಹೊರಗೆ ಬಿಟ್ಟ, ಮಕ್ಕಳ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತ. ಆದರೆ ಆ ದಿನ ಇನ್ನೂ ಬೇರೆ ಕಡೆ ಹೋಗಬೇಕಿತ್ತು, ಗಡಿಯಾರ ನೋಡುತ್ತಿದ್ದ. ಮೊದಲು ಡುಮ್ಮನನ್ನು ಕರೆದ.

"ಸೊನ್ನೆ ಪಾಯಿಂಟ್ ಐದನ್ನ ಸೊನ್ನೆ ಪಾಯಿಂಟ್ ಐದರಿಂದ ಗುಣಿಸು."

"ಗೊತ್ತಿಲ್ಲ ಸಾರ್," ಎಂದ ಡುಮ್ಮ, ಎದೆ ಸೆಟೆಸಿ. "ಚುಕ್ಕಿ ತೆಗೆದು ಗುಣಿಸಿದ್ರೆ ಇಪ್ಪತ್ತೈದು. ಚುಕ್ಕಿನ ವಾಪಸ್ ಎಲ್ಲಿಡ್ಬೇಕು, ಅಲ್ಲಿಂದ ಗೊತ್ತಿಲ್ಲ."

ಅಧಿಕಾರಿ ಏನೋ ಗುರುತು ಹಾಕಿಕೊಂಡ. ನಂತರದ ಪುಟ್ಟ ಹುಡುಗಿ ಪುಸ್ತಕ ಓದುತ್ತ ಒಂದು ಕಡೆ ನಿಲ್ಲಿಸಿ, "ಈ ಪದದಿಂದ ಗೊತ್ತಿಲ್ಲ," ಎಂದು ಬೆರಳಿಟ್ಟಳು. ಕೂಡಲೇ ಇನ್ನೊಬ್ಬಳು ಎದ್ದು ಬಂದು ಅವಳ ಪಕ್ಕ ಕೂತಳು.

"ಹೇಳ್ಕೊಡಬಾರದಮ್ಮ, ಇದು ಪರೀಕ್ಷೆ," ಎಂದ ಅಧಿಕಾರಿ. ಅವಳು ಅರ್ಥವಾಗದೆ ಅಕ್ಕನ ಮುಖ ನೋಡಿದಳು.

ಒಬ್ಬರಾದ ಮೇಲೆ ಒಬ್ಬರು. ಎಲ್ಲರೂ ಚುರುಕಾಗಿ, ಪೈಪೋಟಿಯ ಮೇಲೆ, ತಮಗೆ ಎಲ್ಲಿಂದ ಬರುವುದಿಲ್ಲ ಎಂದು ಹೇಳಿದರು. ಗೊತ್ತಿದ್ದ ಅರ್ಧವನ್ನು ಅಧಿಕಾರಿ ಕೇಳಿಸಿಕೊಳ್ಳಲಿಲ್ಲ, ಅದಕ್ಕೆ ಅವನ ಹಾಳೆಯಲ್ಲಿ ಅಂಕಣವಿರಲಿಲ್ಲ. ಮೋಟು ಅವನ ಹುಬ್ಬು ಗಂಟಾಗುವುದನ್ನು ನೋಡುತ್ತಲೇ ಇದ್ದಳು. ಕೋಣೆ ಹೋಗುತ್ತಿದೆ ಎಂದು ಮಕ್ಕಳಲ್ಲಿ ಅರ್ಥವಾದದ್ದು ಅವಳೊಬ್ಬಳಿಗೆ.

ಅವಳ ಸರದಿ ಬಂತು. "ಒಂದು ನಲ್ಲಿ ತೊಟ್ಟೀನ ಮೂರು ಗಂಟೆಯಲ್ಲಿ ತುಂಬಿಸುತ್ತೆ, ಇನ್ನೊಂದು ಆರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು?"

ಈ ಲೆಕ್ಕ ಶಾಲೆಯ ಗೈಡಿನಲ್ಲಿತ್ತು. ಉತ್ತರ ಮಾತ್ರ ನೆನಪಿತ್ತು.

"ಎರಡು ಗಂಟೆ ಸಾರ್."

"ಹಾಂ! ನೋಡಿ, ಇದು ಉತ್ತರ," ಎಂದು ಅಧಿಕಾರಿ ಮೊದಲ ಸಲ ನಕ್ಕ. "ಇಂಥೋರು ಇನ್ನೂ ನಾಲ್ಕು ಜನ ಇದ್ದಾರಾ ಮೇಡಂ?"

ಅಕ್ಕ ಮೋಟುವಿನತ್ತ ತಿರುಗಿದಳು. ಯೋಚಿಸಿದ್ದರೆ ಸುಮ್ಮನಿರುತ್ತಿದ್ದಳೋ ಏನೋ. ದಿನವೂ ಕೇಳಿ ಕೇಳಿ ನಾಲಿಗೆಗೆ ಅಂಟಿದ್ದ ಮಾತು ಬಂದುಬಿಟ್ಟಿತು. "ಹೇಗೆ ಬಂತೇ?"

ಮೋಟು ಕಣ್ಣು ಬಿಟ್ಟು ನೋಡಿದಳು. ಬೇಡ ಎಂದು ತಲೆಯನ್ನು ತುಸುವೇ ಆಡಿಸಿದಳು.

"ಎಲ್ಲಿಂದ ಗೊತ್ತಿಲ್ಲ?" ಎಂದಳು ಅಕ್ಕ.

"ಮೊದಲಿಂದ," ಎಂದಳು ಮೋಟು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಮೇಡಂ, ನೀವು ಮಕ್ಕಳಿಗೆ ಗೊತ್ತಿಲ್ಲ ಅನ್ನೋದನ್ನ ಕಲಿಸ್ತಿದೀರಾ?"

"ಹೌದು ಸಾರ್."

"ಅದು ಅವ್ರಿಗೆ ಮೊದ್ಲೇ ಬರ್ತಿತ್ತಲ್ವಾ?"

"ಇಲ್ಲ. ಬರ್ತಿರಲಿಲ್ಲ."

ಅವನು ಬೂಟು ಹಾಕಿಕೊಂಡು ಹೋದ. ಮಕ್ಕಳು ಚೆನ್ನಾಗಿ ಆಯಿತೆಂದೇ ಭಾವಿಸಿದ್ದರು. ಡುಮ್ಮ ಮಾತ್ರ ಮೋಟುವಿನ ಕೈಗೆ ಪೊರಕೆ ಕೊಟ್ಟ. "ಸುಳ್ಳಿ. ಗುಡಿಸು."

ಮೋಟು ಪೊರಕೆಯನ್ನು ಗೋಡೆಗೆ ಎಸೆದಳು. "ಕೋಣೆ ಉಳೀಲಿ ಅಂತ ಹೇಳ್ದೆ ಕಣೋ, ಪೆದ್ದ! ಅಕ್ಕ, ನೀವು ಬಾಯಿ ಮುಚ್ಕೊಂಡು ಇರ್ಬೇಕಿತ್ತು."

ಅಕ್ಕನ ಮುಖಕ್ಕೆ ಯಾರೂ ಹೀಗೆ ಹೇಳಿದ್ದಿಲ್ಲ.

"ಹೌದು," ಎಂದಳು ಅಕ್ಕ. "ಇರ್ಬೇಕಿತ್ತು." ಪೊರಕೆ ಎತ್ತಿಕೊಂಡು ತಾನೇ ಗುಡಿಸಿದಳು. ಗುಡಿಸಿ ಮುಗಿಸಿ, ಸೀಮೆಸುಣ್ಣ ಹಿಡಿದು, "ಬಾ, ತೊಟ್ಟಿ ಲೆಕ್ಕ ನೋಡೋಣ. ಮೊದಲನೇ ನಲ್ಲಿ ಒಂದು ಗಂಟೆಯಲ್ಲಿ ತೊಟ್ಟಿಯ ಎಷ್ಟು ಭಾಗ ತುಂಬುತ್ತೆ?" ಎಂದಳು.

"ನಂಗೆ ಬೇಡ."

"ಬೇಡ ಅನ್ನು, ಆದ್ರೆ ಎಷ್ಟು ಭಾಗ ಹೇಳು."

"ಮೂರರಲ್ಲಿ ಒಂದು," ಎಂದಳು ಮೋಟು ಮೂಗು ಒರೆಸಿಕೊಳ್ಳುತ್ತ. ಎರಡನೆಯದು ಆರರಲ್ಲಿ ಒಂದು. ಕೂಡಿದರೆ ಅರ್ಧ. ಗಂಟೆಗೆ ಅರ್ಧವಾದರೆ ಪೂರ್ತಿಗೆ ಎರಡು. ಅವಳಿಗೆ ಸಿಟ್ಟು ಇಳಿಯಲಿಲ್ಲ, ಲೆಕ್ಕ ಮಾತ್ರ ತಿಳಿಯಿತು. ಡುಮ್ಮನೂ ಬಂದು ಕೂತ.

ಸಂಸ್ಥೆಯವರು ಈ ಕೋಣೆ ಬಿಟ್ಟು, ಬೇರೆ ಬಡಾವಣೆಯ ಕೇಂದ್ರವನ್ನು ಉಳಿಸಿಕೊಂಡರು. ಅಲ್ಲಿಯ ಮಕ್ಕಳು ಪಟಪಟನೆ ಉತ್ತರ ಹೇಳಿದ್ದರಂತೆ. ತಿಂಗಳ ಕೊನೆಗೆ ಅಕ್ಕ ಬೋರ್ಡನ್ನು ಬೇಕರಿ ಯಜಮಾನನಿಗೇ ಬಿಟ್ಟಳು. ಮಾರನೇ ದಿನವೇ ಹಿಟ್ಟಿನ ಮೂಟೆಗಳು ಬಂದವು.

"ನಾನು ಹೇಳಿರ್ಲಿಲ್ವಾ? ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ನೆ ಹೇಳ್ತಾರಾ?" ಎಂದ ಯಜಮಾನ. ಹೇಳಿ ಒಂದು ಬ್ರೆಡ್ಡು ಮೋಟುವಿನ ಕೈಗೆ ತುರುಕಿದ.

ಶಾಲೆಯ ಪರೀಕ್ಷೆಯಲ್ಲಿ ತೊಟ್ಟಿಯ ಲೆಕ್ಕ ಬಂತು, ಗಂಟೆಗಳು ಬೇರೆ ಇದ್ದವು. ಗೈಡು ಉರುಹೊಡೆದವರೆಲ್ಲ ಎರಡು ಎಂದೇ ಬರೆದರು. ಮೋಟು, ಡುಮ್ಮ ಸರಿ ಮಾಡಿದರು. ಮುಂದಿನ ಪಾಠ ಲಾಭ–ನಷ್ಟದ್ದು. ಮತ್ತೆ ಮೆಟ್ಟಿಲ ಮೇಲೆ ಕೂತಿದ್ದ ಮೋಟುಗೆ ಅದರಲ್ಲಿ ಎರಡನೇ ಸಾಲಿನಿಂದ ಗೊತ್ತಾಗಲಿಲ್ಲ. ಡುಮ್ಮ ಆ ಹೊತ್ತಿಗೆ ಅಪ್ಪನ ಅಂಗಡಿಯಲ್ಲಿ ಟ್ಯೂಬು ನೀರಿಗೆ ಅದ್ದುತ್ತಿದ್ದ. ಅಮ್ಮ ಏಳಕ್ಕೆ ಬಂದು, "ಅಪ್ಪನ್ನ ಎಬ್ಬಿಸಿಲ್ಲ ತಾನೇ?" ಎಂದು ಕೇಳಿದಳು.

ಹೋದದ್ದು ಇಷ್ಟು: ಒಂದು ಕೋಣೆ. ಹದಿನಾರು ಮಕ್ಕಳಿಗೆ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ.