ಮೊಳೆ ಬಲಗಡೆ, ಹುಣ್ಣು ಎಡಗಡೆ

ಗೋಡೆಗೆ ಬುದ್ಧಿ ಹೇಳಿದರೆ ಗೋಡೆಯಾದರೂ ಒಂದು ದಿನ ತಲೆಯಾಡಿಸೀತು. ಕುಡಿಯುವ ತಮ್ಮನಿಗೆ ಹೇಳಿ ಏನೂ ಉಪಯೋಗವಿಲ್ಲ. ಬೇಕಾದರೆ ಸೋಫಾ ರಿಪೇರಿ ಅಂಗಡಿಯ ಅಕ್ಕನನ್ನು ಕೇಳಿ ನೋಡಿ. ಹೇಳಿ ಹೇಳಿ ಅವಳ ನಾಲಿಗೆ ಸವೆದು ಕಾಗದದಷ್ಟು ತೆಳ್ಳಗಾಗಿದೆ.

ಅಂಗಡಿ ಅಂದರೆ ರಸ್ತೆಗೆ ಬಾಯಿ ತೆರೆದುಕೊಂಡ ಒಂದೇ ಕೋಣೆ. ಒಂದು ಕಡೆ ರೆಕ್ಸಿನ್ ಸುರುಳಿಗಳು, ಇನ್ನೊಂದು ಕಡೆ ಹೊಟ್ಟೆ ಹರಿದ ಹಳೆಯ ಸೋಫಾಗಳು, ಕಾಲಿಟ್ಟಲ್ಲೆಲ್ಲ ಸ್ಪಂಜಿನ ಚೂರು. ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಕವರು ಹೊಲಿಯುತ್ತಾಳೆ. ತಮ್ಮ ಅವಳ ಎದುರಿಗೇ ಮಂಡಿಯೂರಿ ಅದನ್ನು ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆಯುತ್ತಾನೆ. ಒಂದು ಕೈಯಲ್ಲಿ ರೆಕ್ಸಿನ್ ಬಿಗಿ ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯುವುದಕ್ಕೆ ದೇವರು ಮೂರನೇ ಕೈ ಕೊಟ್ಟಿಲ್ಲ. ಅದಕ್ಕೆ ಪುಟ್ಟ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿಕೊಳ್ಳುತ್ತಾನೆ. ಹಾಗಾಗಿ ಬೀದಿಗೆಲ್ಲ ಅವನು ಮೊಳೆಬಾಯಿ. ಬಾಯಲ್ಲಿ ಅರ್ಧ ಅಂಗಡಿಯನ್ನೇ ಇಟ್ಟುಕೊಂಡು ಗಿರಾಕಿಗಳ ಜೊತೆ ಹರಟೆ ಹೊಡೆಯುವವನು. ಸೋಫಾ ಹರಿಯದಿದ್ದರೂ ಅವನ ಮಾತು ಕೇಳೋಕೆ ಅಂತಲೇ ಜನ ಬರುತ್ತಿದ್ದರು.

ಆ ಬಾಯಲ್ಲೊಂದು ಹುಣ್ಣಾಯಿತು.

ಬಾಯಿಹುಣ್ಣು ಯಾರಿಗೆ ಆಗುವುದಿಲ್ಲ? ಒಳ್ಳೆಯ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೊರಟುಹೋಗುತ್ತದೆ. ಇದು ಮಾತ್ರ ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟಿತು. ಒಂದು ತಿಂಗಳು ಕಳೆದು ಇನ್ನೊಂದಕ್ಕೆ ಬಿದ್ದರೂ ಏಳುವ ಲಕ್ಷಣವಿಲ್ಲ. ಅಕ್ಕ ಕೇಳಿದಾಗಲೆಲ್ಲ ತಮ್ಮನದು ಒಂದೇ ಉತ್ತರ: ಮೊಳೆ ಚುಚ್ಚಿದೆ. ಅದಕ್ಕೆ ಔಷಧಿಯನ್ನೂ ಅವನೇ ಕಂಡುಹಿಡಿದಿದ್ದ. ಇಂಜೆಕ್ಷನ್ ಚುಚ್ಚುವ ಮುಂಚೆ ಆಸ್ಪತ್ರೆಯವರು ಸ್ಪಿರಿಟ್ ಹಚ್ಚುತ್ತಾರಲ್ಲ, ಹಾಗೇ ಇದು ಅಂತ, ಸಂಜೆಯಾದರೆ ಸಾರಾಯಿಯನ್ನು ಬಾಯಿಗೆ ಹಾಕಿಕೊಂಡು ಹುಣ್ಣಿನ ಕಡೆಗೆ ವಾಲಿಸಿ, ಕಣ್ಣಲ್ಲಿ ನೀರು ಬರುವವರೆಗೂ ಹಿಡಿದು ಕೂರುತ್ತಿದ್ದ. ಆಮೇಲೆ ನುಂಗುತ್ತಿದ್ದ. ಔಷಧಿಯನ್ನು ಚೆಲ್ಲಬಾರದಂತೆ.

ತಾನು ಮಿತವಾಗಿ ಕುಡಿಯುವವನು ಅಂತ ಬೇರೆ ಹೇಳಿಕೊಳ್ಳುತ್ತಿದ್ದ. ದಿನಕ್ಕೆ ಒಂದೇ ಲೋಟ, ಆಣೆ ಬೇಕಾದರೆ ಇಡುತ್ತೇನೆ ಅನ್ನುತ್ತಿದ್ದ. ಆಣೆ ಸುಳ್ಳಲ್ಲ, ಲೋಟ ಒಂದೇ. ಆದರೆ ಮೊದಲು ಕೆಮ್ಮಿನ ಔಷಧಿಯ ಅಳತೆಯಷ್ಟಿದ್ದ ಲೋಟ ಆಮೇಲೆ ಟೀ ಲೋಟವಾಯಿತು, ಈಗ ಕೂಸಿಗೆ ಸ್ನಾನ ಮಾಡಿಸುವಷ್ಟು ದೊಡ್ಡದಾಗಿತ್ತು. ಹೆಂಡತಿ ಜಗಳವಾಡಿ ಸುಸ್ತಾಗಿ ಆ ಕೆಲಸವನ್ನು ಅಕ್ಕನಿಗೇ ವಹಿಸಿದ್ದಳು. ಅಕ್ಕ ಬೈದಳು, ಬಾಟಲಿ ಬಚ್ಚಿಟ್ಟಳು, ಮಾತು ಬಿಟ್ಟಳು. ಎಲ್ಲ ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ಇಷ್ಟರಲ್ಲಿ ತಮ್ಮ ಮಾತು ಕಡಿಮೆ ಮಾಡಿದ. ಗಿರಾಕಿ ಬಂದರೆ ಹೂಂ, ಉಹೂಂ, ಅಷ್ಟೇ. ತಾಯಿಯಿಲ್ಲದ ಆ ಹುಡುಗನಿಗೆ ಮಾತು ಕಲಿಸಿದವಳು ಅಕ್ಕ. ಬೈದರೆ ತಿರುಗಿ ಬೈಯುತ್ತಿದ್ದವನು ಈಗ ಸುಮ್ಮನಿರುವುದನ್ನು ನೋಡಿ ಅವಳಿಗೆ ಮೊದಲ ಸಲ ಸಿಟ್ಟಿನ ಜೊತೆ ಭಯವೂ ಬಂತು.

ಒಂದು ದಿನ ತಿರುವಿನಲ್ಲಿರುವ ಹಲ್ಲಿನ ಆಸ್ಪತ್ರೆಯ ನರ್ಸು ಆಟೋದಲ್ಲಿ ಬಂದಳು. ರೋಗಿಗಳನ್ನು ಕೂರಿಸುವ ದೊಡ್ಡ ಕುರ್ಚಿಯ ಸೀಟು ಹರಿದುಹೋಗಿತ್ತು, ಅದನ್ನು ಬಿಚ್ಚಿಸಿ ತಂದಿದ್ದಳು. ಮೊಳೆಬಾಯಿ ಎರಡು ಮಾತಾಡುವಷ್ಟರಲ್ಲಿ ಅವನ ಮುಖ ಕಿವುಚಿದ್ದನ್ನು ಗಮನಿಸಿ ಏನಾಗಿದೆ ಅಂತ ಕೇಳಿದಳು.

"ಏನಿಲ್ಲ ಸಿಸ್ಟರ್, ಮೊಳೆ ಚುಚ್ಚಿದೆ."

ತೋರಿಸಿ ಅಂದಳು. ಮನೆಯಲ್ಲಿ ಒಬ್ಬ ಅಕ್ಕ ಇರೋದು ಸಾಲದು ಅಂತ ಇನ್ನೊಬ್ಬ ಸಿಸ್ಟರ್ ಬಂದಳಲ್ಲ ಅಂತ ಗೊಣಗಿಕೊಂಡೇ ಬಾಯಿ ತೆರೆದ. ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣು, ಸುತ್ತ ಬೆಳ್ಳಗೆ ದಪ್ಪ ಕಟ್ಟಿತ್ತು.

ಮಿಷನ್ ನಿಂತಿತು. ಅಕ್ಕ ಅರ್ಧ ಹೊಲಿಗೆಯಲ್ಲಿ ಕೈಬಿಟ್ಟು ಎದ್ದು ಬಂದಳು.

"ಎಡಗಡೆ ಏನೋ? ಇಷ್ಟು ವರ್ಷದಿಂದ ನಿನ್ನ ಮುಖ ನೋಡ್ಕೊಂಡೇ ಹೊಲೀತಿದೀನಿ. ನೀನು ಮೊಳೆ ಇಟ್ಕೊಳೋದು ಬಲಗೆನ್ನೇಲಿ. ಒಂದು ದಿನಾನೂ ಎಡಕ್ಕೆ ಹಾಕ್ಕೊಂಡವನಲ್ಲ."

"ಯಾವಾಗ್ಲೋ ಆ ಕಡೆ ಉರುಳಿರ್ಬೇಕಪ್ಪ."

"ಹೌದು, ನೀನು ಮಲಗಿದಾಗ ಎದ್ದು ವಾಕಿಂಗ್ ಹೋಗಿರುತ್ವೆ."

ನರ್ಸಿಗೆ ನಗು ಬಂದರೂ ನಗಲಿಲ್ಲ. ಮೊಳೆ ಬಾಯಲ್ಲಿಡುವುದೂ ಒಳ್ಳೆಯದಲ್ಲ, ಆದರೆ ಎರಡು ವಾರ ದಾಟಿದರೂ ಮಾಯದ ಯಾವ ಹುಣ್ಣನ್ನೂ ಮನೆಯಲ್ಲಿಟ್ಟು ಸಾಕಬಾರದು, ಕ್ಯಾನ್ಸರೂ ಆಗಿರಬಹುದು, ಡಾಕ್ಟರಿಗೆ ತೋರಿಸಲೇಬೇಕು ಅಂದಳು. ಕುಡಿತ ಇದೆಯಾ ಅಂತ ಕೇಳಿದಳು. ತಮ್ಮ ತನ್ನ ಸ್ಪಿರಿಟ್ ವೈದ್ಯವನ್ನು ವಿವರಿಸಿ, ಚೆನ್ನಾಗಿ ಉರಿಯುತ್ತದೆ, ಅಂದರೆ ಕೆಲಸ ಮಾಡುತ್ತಿದೆ ಅಂತ ಹೆಮ್ಮೆಯಿಂದ ಹೇಳಿದ.

"ಉರಿಯೋದೆಲ್ಲ ಔಷಧಿ ಆಗಿದ್ರೆ ಬೆಂಕಿನೂ ಔಷಧೀನೇ ಅಣ್ಣ," ಅಂದಳು ನರ್ಸು. "ನೀವು ವಾಸಿ ಮಾಡ್ತಿಲ್ಲ. ಹಸಿ ಗಾಯನ ದಿನಾ ಕೆದಕ್ತಿದೀರ."

ಅವನು ಬಿಡುವ ಆಸಾಮಿಯೇ? ಬಾಯಿ ಕ್ಯಾನ್ಸರು ಬರುವುದು ತಂಬಾಕು ಜಗಿಯುವವರಿಗೆ, ನಾನು ಒಂದು ಬೀಡಿಯನ್ನೂ ಮುಟ್ಟಿದವನಲ್ಲ ಅಂತ ಎದೆ ಉಬ್ಬಿಸಿದ. ತಂಬಾಕಿನಿಂದ ಬರುವುದು ನಿಜ, ಆದರೆ ಬರೀ ಕುಡಿತದಿಂದಲೂ ಬರಬಹುದು, ಎರಡೂ ಸೇರಿದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ ಅಂತ ನರ್ಸು ಬಿಡಿಸಿ ಹೇಳಿದಳು. ಸಾರಾಯಿ, ಬೀರು, ಬೆಲೆಬಾಳುವ ವೈನು, ಬಾಯೊಳಗಿನ ಚರ್ಮಕ್ಕೆ ಎಲ್ಲ ಒಂದೇ.

"ನಾನು ಮಿತವಾಗಿ ಕುಡಿಯೋದು."

ಅಕ್ಕ ರೆಕ್ಸಿನ್ ಸುರುಳಿಗಳ ಹಿಂದಿನಿಂದ ಆ ಲೋಟ ತಂದು ನರ್ಸಿನ ಮುಂದೆ ಇಟ್ಟಳು. ನರ್ಸು ಲೋಟದೊಳಗೆ ಬಾವಿ ಇಣುಕಿದ ಹಾಗೆ ಇಣುಕಿದಳು. ಕಡಿಮೆ ಕುಡಿದಷ್ಟೂ ಅಪಾಯ ಕಡಿಮೆ, ಆದರೆ ಇಷ್ಟು ಕುಡಿದರೆ ಕ್ಯಾನ್ಸರಿನ ಭಯವೇ ಇಲ್ಲ ಅನ್ನುವ ಅಳತೆ ಯಾರ ಹತ್ತಿರವೂ ಇಲ್ಲ ಅಂದಳು.

ಮೊಳೆಬಾಯಿ ಆಮೇಲೆ ನೋಡೋಣ ಅಂತ ಸುತ್ತಿಗೆ ಎತ್ತಿಕೊಂಡ. ಅಕ್ಕನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವತ್ತೆಲ್ಲ ಮಿಷನ್ನನ್ನು ತುಳಿದ ರಭಸಕ್ಕೆ ಅದು ಹಾರಿ ಹೋಗದೆ ಉಳಿದದ್ದೇ ಹೆಚ್ಚು.

ಮರುದಿನ ಸೀಟು ಕೂರಿಸಲು ಇಬ್ಬರೂ ಆಸ್ಪತ್ರೆಗೆ ಹೋದರು. ತಮ್ಮ ಕೊನೆಯ ಮೊಳೆ ಹೊಡೆದು, ಕೈ ಒರೆಸಿಕೊಂಡು ಹೊರಟ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಹೊಲಿಗೆ ನಂದು, ಮೊಳೆ ನಿಂದು. ತಡೆಯುತ್ತೋ ಇಲ್ವೋ ಕೂತು ನೋಡು."

"ಅಕ್ಕಾ, ಜನ ನೋಡ್ತಾರೆ."

"ನೋಡ್ಲಿ. ನೀನು ನನಗೆ ಎದುರು ಮಾತಾಡದೆ ಎಷ್ಟು ದಿನ ಆಯ್ತೋ? ನನಗೆ ಆ ಬಾಯಿ ಬೇಕು ಕಣೋ. ಬೈಯೋಕಾದ್ರೂ ಬೇಕು."

ಅವಳ ದನಿ ಒಡೆದದ್ದು ಅವನಿಗೆ ಕೇಳಿಸಿತು. ತಾನೇ ಬಿಗಿದ ಕುರ್ಚಿಯಲ್ಲಿ ತಾನೇ ಕೂತು ಬಾಯಿ ತೆರೆದ.

ಡಾಕ್ಟರು ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕಾಯುತ್ತಿದ್ದ ದಿನಗಳಲ್ಲಿ ಅಕ್ಕ ಒಂದು ಸೋಫಾದ ಕವರನ್ನು ಒಳಮೈ ಹೊರಗೆ ಮಾಡಿ ಹೊಲಿದಿಟ್ಟಳು. ಕೊನೆಗೆ ಕ್ಯಾನ್ಸರೇ ಅಂತ ಗೊತ್ತಾಯಿತು. ಆದರೆ ಇನ್ನೂ ಚಿಕ್ಕದು, ನಾಲಿಗೆಯ ಅಂಚು ಬಿಟ್ಟು ಎಲ್ಲೂ ಹೋಗಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಅಷ್ಟನ್ನೇ ಕತ್ತರಿಸಿ ತೆಗೆದರು. ಇನ್ನೂ ತಡ ಮಾಡಿದ್ದರೆ ಅರ್ಧ ನಾಲಿಗೆಯೇ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತೋ ಇಲ್ಲವೋ ಅಂದರಂತೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಗುತ್ತಿತ್ತು. ದಿನಾ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಮೈ ಕೈ ನಡುಗಿ ತೊಂದರೆಯಾದೀತು ಅಂತ, ಬಿಡಿಸುವುದಕ್ಕೂ ಅಲ್ಲೇ ಔಷಧಿ ಕೊಟ್ಟರು.

ಈಗ ಮೊಳೆಬಾಯಿಯ ಮಾತು ಒಂಚೂರು ತೊದಲುತ್ತದೆ. ಹಾಗಂತ ಕಡಿಮೆಯಾಗಿಲ್ಲ. ಅಕ್ಕ ಒಂದು ಅಂದರೆ ಅವನು ಹತ್ತು ಅನ್ನುತ್ತಾನೆ, ಅವಳು ಹುಸಿಮುನಿಸು ತೋರಿಸಿ ಒಳಗೊಳಗೇ ಖುಷಿಪಡುತ್ತಾಳೆ. ಆ ದೊಡ್ಡ ಲೋಟ ಅವನ ಮಂಡಿಯ ಪಕ್ಕದಲ್ಲಿದೆ, ತುಂಬ ಮೊಳೆ. ಬಾಯಿಗೆ ಮೊಳೆಯೂ ಹೋಗುವುದಿಲ್ಲ, ಇನ್ನೊಂದೂ ಹೋಗುವುದಿಲ್ಲ.

ಇಷ್ಟು ಹೊತ್ತು ಕೇಳಿದಿರಲ್ಲ, ಈಗ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ಕೆನ್ನೆಯೊಳಗೆ, ನಾಲಿಗೆಯ ಅಂಚಿಗೆ, ಅದರ ಕೆಳಗೆ ನೋಡಿ. ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಗಂಟೋ ಇದ್ದರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ, ಹಲ್ಲಿನ ಡಾಕ್ಟರಿಗೋ ಹತ್ತಿರದ ಆಸ್ಪತ್ರೆಗೋ ತೋರಿಸಿ. ಕುಡಿಯದಿದ್ದರೆ ಶುರುಮಾಡಬೇಡಿ. ಕುಡಿಯುತ್ತಿದ್ದರೆ ಬಿಡುವುದಕ್ಕೆ ಸಹಾಯ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ನಿಮ್ಮ ಮನೆಯಲ್ಲೂ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡ ಅಕ್ಕನೋ ಹೆಂಡತಿಯೋ ಇರುತ್ತಾಳೆ. ಅವಳ ನಾಲಿಗೆ ಪೂರ್ತಿ ಸವೆಯುವ ಮೊದಲು ನಿಮ್ಮದನ್ನು ಉಳಿಸಿಕೊಳ್ಳಿ.