ಅಂಚು ಉಜ್ಜಿದವನು

ಮೇಸ್ತ್ರಿಗೆ ಒರಟು ಅಂಚು ಕಂಡರೆ ಆಗುತ್ತಿರಲಿಲ್ಲ. ಮೇಜಿನದಿರಲಿ, ಬಾಗಿಲಿನದಿರಲಿ, ಬೆರಳಿಗೆ ತರಚಿತೆಂದರೆ ಅದನ್ನು ಮಾಡಿದವನ ಮನೆತನವನ್ನೆಲ್ಲ ಬೈದು, ಜೇಬಿನಿಂದ ಎಮರಿ ಪೇಪರ್ ತೆಗೆದು ಉಜ್ಜಲು ಕೂರುತ್ತಿದ್ದ. ಹೆಂಡತಿ ಬದುಕಿದ್ದಾಗ, "ಇವರಿಗೆ ಮಗು ಕೊಟ್ಟರೂ ಮೊದಲು ಕಿವಿ ಉಜ್ಜಿ ನುಣ್ಣಗೆ ಮಾಡ್ತಾರೆ" ಎಂದು ನಗುತ್ತಿದ್ದಳು.

ವಿಶ್ವವಿದ್ಯಾಲಯದ ವಸ್ತು ಪರೀಕ್ಷೆಯ ಲ್ಯಾಬಿನಲ್ಲಿ ಅವನದು ಇಪ್ಪತ್ತಾರು ವರ್ಷದ ನೌಕರಿ. ಇಂಗಾಲದ ನೂಲನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಒತ್ತಿದ ಕಪ್ಪು ಹಲಗೆ ಬರುತ್ತದೆ. ಅದನ್ನು ಗರಗಸದಲ್ಲಿ ಅಂಗೈ ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದ ದವಡೆಗೆ ಸಿಕ್ಕಿಸುವುದು ಅವನ ಕೆಲಸ. ಯಂತ್ರ ಪಟ್ಟಿಯನ್ನು ಎಳೆಯುತ್ತದೆ, ಬಿಡುತ್ತದೆ. ಸೆಕೆಂಡಿಗೆ ಐದು ಸಲ, ಪಟ್ಟಿ ಹರಿಯುವ ತನಕ. ಹಗಲೂ ರಾತ್ರಿ ಒಂದೇ ಸಮನೆ ದುಡಿಯುವ ಆ ಯಂತ್ರಕ್ಕೆ ಮೇಸ್ತ್ರಿ ಗಾಣ ಎಂದು ಹೆಸರಿಟ್ಟಿದ್ದ. ಎಷ್ಟು ಎಳೆತಕ್ಕೆ ಪಟ್ಟಿ ಹರಿಯಿತು ಎಂಬ ಅಂಕಿಯನ್ನು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಕಂಪ್ಯೂಟರಿಗೆ ಕೊಟ್ಟು, ಅದೇ ಹಲಗೆಯಿಂದ ಮಾಡಿದ ವಸ್ತು ಎಷ್ಟು ದಿನ ಬಾಳುತ್ತದೆ ಎಂದು ಮೊದಲೇ ಹೇಳುವ ಮಾಡೆಲ್ ಕಟ್ಟುತ್ತಿದ್ದಳು. ಅವಳಿಗೂ ಅವನೇ ಹೆಸರಿಟ್ಟಿದ್ದ, ಲೆಕ್ಕದಮ್ಮ ಎಂದು.

"ಏನು ಲೆಕ್ಕದಮ್ಮ, ಇವತ್ತು ನಿನ್ನ ಕಂಪ್ಯೂಟರಿನಲ್ಲಿ ಏನು ಮುರೀತು?"

"ಏನೂ ಮುರೀಲಿಲ್ಲ ಮೇಸ್ತ್ರಿ, ನನ್ನ ತಲೆ ಒಂದು ಬಿಟ್ಟು."

ಅವರು ಮಾಡಲು ಹೊರಟಿದ್ದು ಕೃತಕ ಪಾದ. ಹೆಜ್ಜೆ ಊರಿದಾಗ ಬಾಗಿ, ಎತ್ತಿದಾಗ ಚಿಮ್ಮುವ ಪಾದ. ಮೊದಲ ಪ್ರಯೋಗಕ್ಕೆ ಹನ್ನೆರಡು ಜನರನ್ನು ಆರಿಸಿದರು. ಅವರಲ್ಲಿ ಮೊದಲನೆಯವನು ಮೇಸ್ತ್ರಿಯ ತಮ್ಮ. ತಮ್ಮ ಅಂಚೆಯವನು. ಮೂರು ವರ್ಷದ ಹಿಂದೆ ಲಾರಿಯ ಚಕ್ರಕ್ಕೆ ಸಿಕ್ಕಿ ಮೊಣಕಾಲಿನ ಕೆಳಗೆ ಎಡಗಾಲು ಹೋಗಿತ್ತು. ಅಂಚೆ ಕಚೇರಿಯ ಮೂಲೆಯಲ್ಲಿ ಕೂತು ಠಸ್ಸೆ ಒತ್ತುತ್ತಾ, "ಅಣ್ಣ, ಕಾಗದ ಎಲ್ಲಾ ಊರು ಸುತ್ತುತ್ತೆ, ನಾನೊಬ್ಬ ಕೂತಿದೀನಿ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಮೇಸ್ತ್ರಿಗೆ ಯಾರ ಮೇಲಾದರೂ ಕೂಗಾಡಬೇಕು ಅನಿಸುತ್ತಿತ್ತು.

ಹಾಗಾಗಿ ಆ ಪಟ್ಟಿಗಳನ್ನು ಅವನು ಬೇರೆ ಪಟ್ಟಿಗಳ ಹಾಗೆ ಮಾಡಲಿಲ್ಲ. ಗರಗಸ ಬಿಟ್ಟ ಅಂಚಿನಲ್ಲಿ ಕಣ್ಣಿಗೆ ಕಾಣದ ಕಚ್ಚುಗಳಿರುತ್ತವೆ. ನೀರು ಹಚ್ಚಿ, ಒರಟು ಎಮರಿಯಿಂದ ಶುರುಮಾಡಿ, ನಯ, ಇನ್ನೂ ನಯ, ಕೊನೆಗೆ ಬಟ್ಟೆಯಲ್ಲಿ, ಅಂಚಿನಲ್ಲಿ ದೀಪದ ಬೆಳಕು ಹೊಳೆಯುವ ತನಕ ಉಜ್ಜಿದ. ಒಂದು ಪಟ್ಟಿಗೆ ಮುಕ್ಕಾಲು ಗಂಟೆ. ಅಂಥವು ಇನ್ನೂರ ಹದಿನಾರು.

ಪ್ರತಿ ಪಟ್ಟಿಗೂ ಒಂದು ಹಾಳೆ ತುಂಬಬೇಕಿತ್ತು. ಅದರಲ್ಲೊಂದು ಸಾಲು: 'ಅಂಚು: ಕತ್ತರಿಸಿದಂತೆಯೇ.' ಲೆಕ್ಕದಮ್ಮ ಮೊದಲ ದಿನವೇ ಹೇಳಿದ್ದಳು: "ವರ್ಕ್‌ಶಾಪಿನವರು ಪಾದವನ್ನು ಇದೇ ಗರಗಸದಲ್ಲಿ ಕತ್ತರಿಸಿ ಹಾಗೇ ಕೊಡ್ತಾರೆ ಮೇಸ್ತ್ರಿ. ಪಟ್ಟಿಯೂ ಹಾಗೇ ಇರ್ಲಿ, ಉಜ್ಜೋ ಕೆಲಸ ಬೇಡ." ಮೇಸ್ತ್ರಿ ತಲೆಯಾಡಿಸಿದ. ಉಜ್ಜುವ ಕಷ್ಟ ಬೇಡ ಎನ್ನುತ್ತಿದ್ದಾಳೆ, ಪಾಪ ಎಂದುಕೊಂಡ. ಉಜ್ಜಲೇಬಾರದು ಎನ್ನುತ್ತಿದ್ದಾಳೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಒಳ್ಳೆಯ ಕೆಲಸ ಮಾಡಬೇಡ ಎಂದು ಯಾರಾದರೂ ಹೇಳುತ್ತಾರೆಯೇ? ಆ ಸಾಲಿನ ಮುಂದೆ ಇನ್ನೂರ ಹದಿನಾರು ಸಲ ಸರಿ ಗುರುತು ಹಾಕಿ ಸಹಿ ಮಾಡಿದ. ಪಟ್ಟಿಗಳು ಸುಲಭಕ್ಕೆ ಹರಿಯಲಿಲ್ಲ. ಪ್ರೊಫೆಸರ್ ಬೆನ್ನು ತಟ್ಟಿ, "ನಿಮ್ಮ ಕೈಗುಣ ಮೇಸ್ತ್ರಿ" ಎಂದರು. ಪಾದ ಮೂವತ್ತು ಲಕ್ಷ ಹೆಜ್ಜೆ ಬಾಳುತ್ತದೆ ಎಂದಿತು ಮಾಡೆಲ್. ಅಂಚೆಯವನಿಗೂ ಅದು ಎರಡು ವರ್ಷದ ನಡಿಗೆ. ಎರಡು ವರ್ಷಕ್ಕೆ ಬದಲಾಯಿಸಿದರಾಯಿತು. ಪಾದ ತೊಟ್ಟ ತಮ್ಮ ಮತ್ತೆ ಟಪಾಲು ಚೀಲ ಹೊತ್ತು ಊರು ಸುತ್ತತೊಡಗಿದ.

ಒಂಬತ್ತೇ ತಿಂಗಳಿಗೆ, ಹನ್ನೊಂದು ಲಕ್ಷ ಹೆಜ್ಜೆಯೂ ತುಂಬುವ ಮುಂಚೆ, ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲಿಳಿಯುವಾಗ ಪಾದ ಮುರಿಯಿತು. ತಮ್ಮನ ತಲೆ ಮೆಟ್ಟಿಲಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ತನಕವೂ ಜೀವ ನಿಲ್ಲಲಿಲ್ಲ.

ಹದಿನೈದು ದಿನದ ರಜೆ ಮುಗಿಸಿ ಮೇಸ್ತ್ರಿ ಲ್ಯಾಬಿಗೆ ಬಂದಾಗ ಮುರಿದ ಪಾದ ಪ್ಲಾಸ್ಟಿಕ್ ಚೀಲದಲ್ಲಿ ಮೇಜಿನ ಮೇಲಿತ್ತು. ಅದರ ಅತ್ತಿತ್ತ ಪ್ರೊಫೆಸರ್, ಲೆಕ್ಕದಮ್ಮ ಕೂತಿದ್ದರು. ಅವಳ ಕಣ್ಣು ಊದಿತ್ತು.

ಪ್ರೊಫೆಸರ್ ಮೆಲ್ಲಗೆ ಹೇಳಿದರು. "ಟಪಾಲು ಚೀಲ ಹದಿನೆಂಟು ಕಿಲೋ ಇತ್ತಂತೆ. ನಾವು ಹೇಳಿದ್ದು ಹತ್ತು. ವರದಿಯಲ್ಲಿ ಮಿತಿಮೀರಿದ ಭಾರ ಅಂತ ಬರೀಬೇಕಾಗುತ್ತೆ ಮೇಸ್ತ್ರಿ. ಉಳಿದ ಹನ್ನೊಂದು ಜನ ಭಾರ ಹೊರೋ ಕೆಲಸದವರಲ್ಲ, ಹೆದರಬೇಕಾಗಿಲ್ಲ."

"ಅಂದ್ರೆ ನನ್ನ ತಮ್ಮ ತನ್ನ ಸಾವನ್ನ ತಾನೇ ಹೊತ್ಕೊಂಡು ಹೋದ ಅಂತೀರಾ?" ಮೇಸ್ತ್ರಿಯ ದನಿಗೆ ಕಿಟಕಿಯ ಗಾಜು ಅದುರಿತು. "ಅವನು ಹೊರದೆ ನಿಮ್ಮ ಕಾಗದ ನೀವು ಹೊರ್ತೀರಾ?"

"ಇಲ್ಲ ಸಾರ್," ಲೆಕ್ಕದಮ್ಮ ತಲೆಯೆತ್ತದೆ ಹೇಳಿದಳು. "ಹದಿನೆಂಟು ಕಿಲೋ ಹಾಕಿಯೂ ಲೆಕ್ಕ ಮಾಡಿದೆ. ಇಪ್ಪತ್ತು ಲಕ್ಷ ಬರಬೇಕಿತ್ತು. ತಪ್ಪು ಭಾರದ್ದಲ್ಲ, ನನ್ನ ಮಾಡೆಲಿಂದು. ಎಲ್ಲಿ ಅಂತ ಸಿಗ್ತಿಲ್ಲ. ನಾನು ಥೀಸಿಸ್ ವಾಪಸ್ ತಗೋತೀನಿ."

ಪ್ರೊಫೆಸರ್ ಎದ್ದುಹೋದರು. ಅವಳು ಪಾದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೀವು ಒಂದ್ಸಲ ನೋಡಿ ಮೇಸ್ತ್ರಿ. ನಿಮ್ಮ ಕಣ್ಣಿಗೆ ಏನಾದ್ರೂ ಬೀಳಬಹುದು" ಎಂದಳು.

ಬಿತ್ತು. ನೋಡಿದ ಗಳಿಗೆಯೇ ಬಿತ್ತು. ಪಾದದ ಅಂಚಿನಲ್ಲಿ ಗರಗಸದ ಹಲ್ಲು ಬಿಟ್ಟ ಒಂದು ಕಚ್ಚು. ಅಲ್ಲಿಂದ ಹೊರಟ ಬಿರುಕು ಪದರಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿತ್ತು. ತನ್ನ ಪಟ್ಟಿಗಳಲ್ಲಿ ಇಂಥ ಕಚ್ಚು ಒಂದೂ ಇರಲಿಲ್ಲ. ಇದ್ದವನ್ನೆಲ್ಲ ತಾನೇ ತನ್ನ ಕೈಯಾರೆ ಅಳಿಸಿದ್ದ. ಮಾಡೆಲಿಗೆ ಅವಳು ಕಲಿಸಿದ್ದು ಕಚ್ಚೇ ಇಲ್ಲದ ಪಾದದ ಆಯುಸ್ಸು. ತಮ್ಮ ತೊಟ್ಟಿದ್ದು ಕಚ್ಚು ಇದ್ದ ಪಾದ.

"ಏನಾದ್ರೂ ಕಾಣ್ತಾ?"

"ಏನೂ ಇಲ್ಲ" ಎಂದುಬಿಟ್ಟ. ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿದ.

ನೀರು ಸುರಿಯುತ್ತಿರುವಾಗ ನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ ನೆನಪಾಯಿತು. ಮನೆಗೆ ಬಂದ ತಮ್ಮ ಪಾದ ಕಳಚಿ ಮುಂದಿಟ್ಟಿದ್ದ. "ಅಣ್ಣ, ಇದರ ಅಂಚು ಒರಟು. ವಾರಕ್ಕೊಂದು ಕಾಲುಚೀಲ ಹರಿದು ಚಿಂದಿ ಆಗ್ತಿದೆ. ನಿನ್ನ ಮಂತ್ರದ ಕಾಗದ ತೆಗೆದು ಸ್ವಲ್ಪ ಉಜ್ಜಿಕೊಡೋ." ಕೈ ಜೇಬಿಗೆ ಹೋಗಿಯೂ ಇತ್ತು. ಆದರೆ ಅದು ಲ್ಯಾಬಿನ ವಸ್ತು, ಪ್ರಯೋಗದ ವಸ್ತು, ನಂಬರ್ ಹಾಕಿದ ವಸ್ತು. "ಅದನ್ನ ಮುಟ್ಟೋ ಹಾಗಿಲ್ಲ ಕಣೋ! ಕಂಡಕಂಡವರು ಉಜ್ಜಿದ್ರೆ ಲೆಕ್ಕ ಎಲ್ಲಿ ಉಳಿಯುತ್ತೆ? ಕಾಲು ಕೊಟ್ರೆ ಕಾಲುಚೀಲಕ್ಕೆ ಅಳ್ತಾನೆ!" ಎಂದು ಗದರಿದ್ದ. ತಮ್ಮ ನಕ್ಕು ಪಾದ ಕಟ್ಟಿಕೊಂಡಿದ್ದ. ಉಜ್ಜಬಾರದ್ದನ್ನು ಇನ್ನೂರ ಹದಿನಾರು ಸಲ ಉಜ್ಜಿದ ಕೈ, ಉಜ್ಜಬೇಕಿದ್ದ ಒಂದನ್ನು ಮುಟ್ಟಲಿಲ್ಲ.

ಅಂದು ಮಧ್ಯಾಹ್ನವೆಲ್ಲ ಅವನು ಗಾಣದ ಮುಂದೆ ಸುಮ್ಮನೆ ಕೂತ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಾರ್ಡ್‌ಬೋರ್ಡ್ ಅಡ್ಡಗೋಡೆಯ ಆಚೆ ಲೆಕ್ಕದಮ್ಮ ಇಲ್ಲದ ತಪ್ಪನ್ನು ಹುಡುಕುತ್ತಾ ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಿತ್ತು. ತಮ್ಮನ ಹೆಸರಿನ ಮುಂದೆ ಮಿತಿಮೀರಿದ ಭಾರ ಎಂದು ಬರೆಯುತ್ತಾರೆ. ಹನ್ನೊಂದು ಜನ ಎಲ್ಲೆಲ್ಲೋ ಮೆಟ್ಟಿಲಿಳಿಯುತ್ತಿದ್ದಾರೆ. ಬಾಯಿ ಬಿಟ್ಟರೆ ತಮ್ಮನ ಹೆಂಡತಿಯ ಮುಖ ನೋಡುವುದು ಹೇಗೆ?

ಮರುದಿನ ಬೆಳಿಗ್ಗೆ ಎಂಟಕ್ಕೇ ಬಂದು ಎರಡು ಪಟ್ಟಿ ಕತ್ತರಿಸಿದ. ಒಂದನ್ನು ಉಜ್ಜಿದ. ಒಂದನ್ನು ಹಾಗೇ ಬಿಟ್ಟ. ಬಿಡುವಾಗ ಬೆರಳು ತುರಿಸಿತು. ಲೆಕ್ಕದಮ್ಮ ಬಂದ ಕೂಡಲೇ, "ಒಂದು ತೋರಿಸ್ತೀನಿ, ಕೂತ್ಕೋ" ಎಂದ. ಬೇಗ ಹರಿಯಲೆಂದು ಎಳೆತದ ಬಲ ಹೆಚ್ಚಿಸಿ ಮೊದಲು ಒರಟನ್ನು ಹಾಕಿದ. ಒಂದೂವರೆ ಗಂಟೆಗೆ ಒಣಕಡ್ಡಿ ಮುರಿದಂತೆ ಲಟಕ್ಕೆಂದಿತು. ಅಷ್ಟೇ ಬಲಕ್ಕೆ ಉಜ್ಜಿದ್ದನ್ನು ಹಾಕಿದ. ಊಟದ ಹೊತ್ತಾಯಿತು, ಹರಿಯಲಿಲ್ಲ. ಇಬ್ಬರೂ ಊಟಕ್ಕೆ ಏಳಲಿಲ್ಲ. ನಾಲ್ಕು ಗಂಟೆಗೆ ಅವಳೇ ಎದ್ದು ಗಾಣ ನಿಲ್ಲಿಸಿದಳು.

"ಎಷ್ಟು ಪಟ್ಟಿ ಉಜ್ಜಿದ್ರಿ?"

"ಎಲ್ಲಾ."

"ಇನ್ನೂರ ಹದಿನಾರೂ?"

"ಒಂದೂ ಬಿಡಲಿಲ್ಲ. ತಮ್ಮ ತೊಡೋದು ಅಂತ..." ಪಟ್ಟಿಯನ್ನು ಗಾಣದ ದವಡೆಯಿಂದ ಬಿಡಿಸಿ ಅವಳ ಮುಂದಿಟ್ಟ. "ಬೈಯಿ ತಾಯಿ. ನಾನು ಎಷ್ಟೋ ಜನರನ್ನ ಸುಮ್ಸುಮ್ನೆ ಬೈದಿದೀನಿ. ನೀನು ಒಂದ್ಸಲ ಬಾಯ್ತುಂಬ ಬೈದುಬಿಡು."

ಅವಳು ಬೈಯಲಿಲ್ಲ. ಉಜ್ಜಿದ ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿದಳು. "ನಾಲ್ಕು ವರ್ಷ ನಿಮ್ಮ ಅಂಕಿ ಇಸ್ಕೊಂಡೆ ಮೇಸ್ತ್ರಿ. ಒಂದು ದಿನಾನೂ ಎದ್ದು ಬಂದು ಒಂದು ಪಟ್ಟಿ ಮುಟ್ಟಿ ನೋಡಲಿಲ್ಲ. ಮುಟ್ಟಿದ್ರೆ ಗೊತ್ತಾಗ್ತಿತ್ತು." ಆಮೇಲೆ ಕಣ್ಣೊರೆಸಿಕೊಂಡು ಫೋನ್ ಎತ್ತಿದಳು. "ಮೊದಲು ಆ ಹನ್ನೊಂದು ಜನ. ಅಳೋದು ಆಮೇಲೆ."

ಮೂರು ದಿನದಲ್ಲಿ ಹತ್ತು ಪಾದ ಬಂದವು. ಎರಡರಲ್ಲಿ ಆಗಲೇ ಬಿರುಕು ಹೊರಟಿತ್ತು. ಹನ್ನೊಂದನೆಯದು ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸಿನದು. ಅವಳು ಫೋನಿನಲ್ಲೇ ಹರಿಹಾಯ್ದಿದ್ದಳು: "ಕಾಲು ಬಿಚ್ಚಿಕೊಟ್ಟು ನಾನೇನು ಬದನೆಕಾಯಿ ಜೊತೆ ಗಾಡಿ ಮೇಲೆ ಕೂತ್ಕೊಳ್ಲಾ? ಮುರಿದಾಗ ನೋಡ್ಕೊಳ್ತೀನಿ, ಇಡ್ರಿ ಫೋನು!"

ನಾಲ್ಕನೆಯ ದಿನ ಮೇಸ್ತ್ರಿ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಬಾಗಿಲು ತೆಗೆದು, "ಬನ್ನಿ ಭಾವ" ಎಂದು ಕುರ್ಚಿ ಹಾಕಿದಳು. ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ, ಪಟ್ಟಿ, ಅಂಚು, ಆ ಭಾನುವಾರ, ಏನನ್ನೂ ಬಿಡದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲೊಂದು ಗಂಟಿತ್ತು. ಬಿಚ್ಚಿದಳು. ಕಾಲುಚೀಲಗಳು. ಎಲ್ಲವೂ ಎಡಗಾಲಿನವು, ಹರಿದು, ಹೊಲಿದು, ಹೊಲಿದಲ್ಲೇ ಮತ್ತೆ ಹರಿದವು.

"ಹೊಸದು ತಗೊಳ್ಳಿ ಅಂದ್ರೆ ಕೇಳ್ತಿರಲಿಲ್ಲ" ಎಂದಳು. "ಅಣ್ಣನ ಕೋಪ ಇಳೀಲಿ, ಅವನೇ ಕರೆದು ಉಜ್ಜಿಕೊಡ್ತಾನೆ, ಅವನು ನನಗೆ ಗೊತ್ತಿಲ್ವಾ, ಅಂತಿದ್ರು."

ಮೇಸ್ತ್ರಿಯ ಕೈ ತಾನಾಗಿ ಜೇಬಿನ ಎಮರಿ ಪೇಪರಿಗೆ ಹೋಯಿತು.

ನಾನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವಳು ಕೇಳಿದ್ದು ಬೇರೆ: "ಎಲ್ಲರ ಕಾಲೂ ವಾಪಸ್ ಬಂತಾ?"

"ಒಂದು ಬರಬೇಕು. ಕೊಡಲ್ಲ ಅಂತಾಳೆ."

ಅವಳು ಗಂಟು ಕಟ್ಟಿದಳು. ಚಪ್ಪಲಿ ಮೆಟ್ಟಿದಳು. "ನಡೀರಿ."

ದಾರಿಯುದ್ದಕ್ಕೂ ಅವಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ತರಕಾರಿಯವಳು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ಸಿದ್ಧವಾಗಿ ನಿಂತಿದ್ದಳು. ತಮ್ಮನ ಹೆಂಡತಿ ಅವಳ ಮುಂದೆ, ಟೊಮೆಟೊ ರಾಶಿಯ ಪಕ್ಕದಲ್ಲಿ, ಗಂಟು ಬಿಚ್ಚಿಟ್ಟಳು. ತರಕಾರಿಯವಳು ಒಂದು ಕಾಲುಚೀಲ ಎತ್ತಿಕೊಂಡಳು. ಹರಿದ ಜಾಗ ನೋಡಿದಳು. ತನ್ನ ಸೀರೆಯಂಚು ಸರಿಸಿ ಕೆಳಗೆ ನೋಡಿದಳು. ಅವಳ ಕಾಲುಚೀಲವೂ ಅಲ್ಲೇ ಹರಿದಿತ್ತು.

"ನಿನ್ನ ಗಂಡಂದಾ?"

"ಹೂಂ."

ತರಕಾರಿಯವಳು ಸ್ಟೂಲಿನ ಮೇಲೆ ಕೂತು ಪಾದ ಕಳಚಿ ಮೇಸ್ತ್ರಿಯ ಕೈಗಿಟ್ಟಳು. "ಮತ್ತೆ ಯಾವಾಗ ಕೊಡ್ತೀರಿ?"

"ಪಟ್ಟಿಗಳನ್ನೆಲ್ಲ ಮೊದಲಿಂದ ಎಳೀಬೇಕಮ್ಮ. ಒಂದು ವರ್ಷ ಆಗಬಹುದು. ಜಾಸ್ತಿಯೂ ಆಗಬಹುದು."

"ಒಂದು ವರ್ಷ ಈ ಗಾಡಿ ಯಾರಪ್ಪ ತಳ್ತಾನೆ?"

ತಮ್ಮನ ಹೆಂಡತಿ ಕಾಲುಚೀಲಗಳನ್ನು ಒಂದೊಂದಾಗಿ ಮಡಿಸಿ ಗಂಟಿಗೆ ಹಾಕಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಡಿ ಹಿಡಿದಳು.

"ಇವತ್ತಿಗೆ ನಾನು ತಳ್ತೀನಿ. ಎಲ್ಲಿಗೆ ಅಂತ ಹೇಳು" ಎಂದಳು. ಮೇಸ್ತ್ರಿ ಒಂದು ಕೈ ನೀಡಿದ. ಅವಳು ನೋಡಿದಳು. "ನೀವು ಹೋಗಿ ಭಾವ. ಹೋಗಿ ನಿಮ್ಮ ಪಟ್ಟಿ ಕತ್ತರಿಸಿ."

ಅವನು ಲ್ಯಾಬಿಗೆ ಹೋದ. ಹಲಗೆಯನ್ನು ಗರಗಸಕ್ಕೆ ಕೊಟ್ಟು ಪಟ್ಟಿ ಕತ್ತರಿಸಿದ. ಅಂಚು ಬೆರಳಿಗೆ ತರಚಿ ರಕ್ತ ಬಂತು. ಹಾಗೇ ಬಿಟ್ಟ.